ಕಾರಿನೊಳಗೊಂದು ನೆಲುವು

ನಮ್ಮ ಹಿರಿಯರ ಅಡುಗೆಮನೆಗಳಲ್ಲಿ ನೆಲುವು ಎಂಬುದೊಂದು ಇರುತ್ತಿತ್ತು. ಹಗ್ಗದಿಂದ ಹೆಣೆದು ಮಾಡಿನಿಂದ ಇಳಿಬಿಟ್ಟ ಬಲೆಯದು. ಹಾಲು, ಮೊಸರು, ಬೆಣ್ಣೆಯ ಗಡಿಗೆಗಳು ಬೆಕ್ಕಿಗೂ ಮಕ್ಕಳಿಗೂ ಎಟುಕದಂತೆ ಅದರಲ್ಲಿ ಕುಳಿತಿರುತ್ತಿದ್ದವು. ನಾವಿಂದು ನೆಲೆಸಿರುವ ಆಂಧ್ರದ ನೆಲದಲ್ಲಿ ಇದನ್ನೇ ಉಟ್ಟಿ ಎನ್ನುತ್ತಾರೆ. ಕೃಷ್ಣಾಷ್ಟಮಿಯಂದು ಒಡೆಯುವ ಗಡಿಗೆ ತೂಗುವುದು ಉಟ್ಟಿಯಲ್ಲಿಯೇ. ನೆಲುವನ್ನು ಕಟ್ಟುವವರು ಒಂದು ನಿಯಮವನ್ನು ತಪ್ಪದೆ ಪಾಲಿಸುತ್ತಿದ್ದರು. ಹಗ್ಗವನ್ನು ತೊಲೆಗೆ ಬಿಗಿಯಬೇಕೇ ಹೊರತು ರೀಪಿಗಲ್ಲ. ರೀಪು ಹಂಚನ್ನು ಹೊರಲು ಇರುವುದು. ಭಾರವನ್ನು ಹೊರಲು ತೊಲೆಯೇ ಬೇಕು.

ಅದೇ ನೆಲುವು ಇಂದು ಬೇರೊಂದು ರೂಪದಲ್ಲಿ ನಮ್ಮ ಕಾರುಗಳೊಳಗೆ ಬರುತ್ತಿದೆ. ಚಿಕ್ಕ ಎಸ್‌ಯುವಿಯ ಒಳಚಾವಣಿಯ ಕೆಳಗೆ ಬಲೆಯನ್ನು ಕಟ್ಟಿ ಶಾಲು, ಛತ್ರಿ, ದಿಂಬು, ತಿಂಡಿಯ ಚೀಲಗಳನ್ನು ತುಂಬಿಕೊಂಡು ಊರಿಗೆ ಹೊರಡುವ ಕುಟುಂಬಗಳನ್ನು ನಾವು ವಿಶಾಖಪಟ್ಟಣದಲ್ಲಿಯೂ ವಿಜಯವಾಡದಲ್ಲಿಯೂ ಕಾಣುತ್ತಿದ್ದೇವೆ. ಬಲೆಗಳು ಅಂಗಡಿಯಲ್ಲಿ ಸುಲಭವಾಗಿ ದೊರೆಯುತ್ತವೆ. ಆದರೆ ಅವುಗಳನ್ನು ಎಲ್ಲಿಗೆ ಬಿಗಿಯಬೇಕು, ಎಷ್ಟು ಭಾರ ಹಾಕಬೇಕು, ಎಲ್ಲಿಗೆ ಬಿಗಿಯಲೇಬಾರದು ಎಂಬುದನ್ನು ತಿಳಿಸುವವರು ವಿರಳ. ಕಾರಿನಲ್ಲಿಯೂ ತೊಲೆ ಯಾವುದು, ರೀಪು ಯಾವುದು ಎಂಬುದನ್ನು ಅರಿತು ನಡೆಯಬೇಕು. ಆ ಬಲೆಯ ಕೆಳಗೆ ಕುಳಿತಿರುವುದು ನಮ್ಮ ಮಕ್ಕಳ ತಲೆ ಎಂಬ ಕಾರಣದಿಂದ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇವೆ.

ನಾಲ್ಕು ಮೀಟರಿನ ಮಿತಿ

ಮೊದಲಿಗೆ, ಸಾಮಾನು ತಲೆಯ ಮೇಲಕ್ಕೆ ಏರುವುದೇಕೆ ಎಂಬುದನ್ನು ನೋಡೋಣ. ನಮ್ಮ ದೇಶದ ಚಿಕ್ಕ ಎಸ್‌ಯುವಿಯ ಅಳತೆಯನ್ನು ಬಹುಮಟ್ಟಿಗೆ ನಿರ್ಧರಿಸಿದ್ದು ತೆರಿಗೆಯ ಪುಸ್ತಕ. 2006ರ ಕೇಂದ್ರ ಮುಂಗಡಪತ್ರದಲ್ಲಿ ಚಿಕ್ಕ ಕಾರುಗಳಿಗೆ ಅಬಕಾರಿ ಸುಂಕವನ್ನು ಶೇ. 24ರಿಂದ ಶೇ. 16ಕ್ಕೆ ಇಳಿಸಲಾಯಿತು. ಉದ್ದ 4,000 ಮಿಲಿಮೀಟರನ್ನು ಮೀರಬಾರದು, ಎಂಜಿನ್ ಪೆಟ್ರೋಲ್ ಆದರೆ 1,200 ಸಿಸಿ, ಡೀಸೆಲ್ ಆದರೆ 1,500 ಸಿಸಿ ದಾಟಬಾರದು ಎಂಬುದು ನಿಯಮ. ಜಿಎಸ್‌ಟಿ ಬಂದ ಮೇಲೆಯೂ ಈ ಗೆರೆ ಅಳಿಯಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ಈ ಮಿತಿಯೊಳಗಿನ ಕಾರಿಗೆ ಶೇ. 18, ಅದನ್ನು ಮೀರಿದ ಪೆಟ್ರೋಲ್ ಹಾಗೂ ಡೀಸೆಲ್ ಕಾರಿಗೆ ಶೇ. 40 ತೆರಿಗೆ ಇದೆ.

ಆದುದರಿಂದ ಬ್ರೆಝಾ, ನೆಕ್ಸಾನ್, ವೆನ್ಯೂ, ಸೋನೆಟ್ ಮೊದಲಾದ ಮಾದರಿಗಳೆಲ್ಲವೂ ನಾಲ್ಕು ಮೀಟರಿನೊಳಗೆ ಮುದುಡಿ ಕುಳಿತಿವೆ. ಇವುಗಳಲ್ಲಿ ಸೋನೆಟ್ ತಯಾರಾಗುವುದು ಆಂಧ್ರದ ಪೆನುಕೊಂಡೆಯಲ್ಲಿ. 1565ರ ತಾಳಿಕೋಟೆಯ ಯುದ್ಧದ ಬಳಿಕ ವಿಜಯನಗರದ ಅರಸರಿಗೆ ರಾಜಧಾನಿಯಾಗಿದ್ದ ಊರದು. ಎಂಜಿನ್ ಮತ್ತು ಐದು ಆಸನಗಳಿಗೆ ಜಾಗ ಕೊಟ್ಟ ಮೇಲೆ ಹಿಂದೆ ಡಿಕ್ಕಿಗೆ ಉಳಿಯುವುದು ಸುಮಾರು 300ರಿಂದ 400 ಲೀಟರ್. ಸಿಎನ್‌ಜಿ ಸಿಲಿಂಡರ್ ಇದ್ದರೆ ಅದರಲ್ಲಿಯೂ ದೊಡ್ಡ ಪಾಲು ಹೋಗುತ್ತದೆ.

ಹೊರೆಯೋ ನಮ್ಮದು ಚಿಕ್ಕದಲ್ಲ. 2020ರ ಏಪ್ರಿಲ್ 1ರಂದು, ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕ್ ಮತ್ತು ಮಚಲೀಪಟ್ಟಣದಲ್ಲಿ ಹುಟ್ಟಿದ ಆಂಧ್ರ ಬ್ಯಾಂಕ್ ಎರಡೂ ಯೂನಿಯನ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನಗೊಂಡವು. ಬ್ಯಾಂಕಿನ ನೌಕರರಿಗೆ ವರ್ಗಾವಣೆ ಹೊಸದಲ್ಲ. ವಿಶಾಖಪಟ್ಟಣದಲ್ಲಿ ಮನೆ, ವಿಜಯವಾಡದಲ್ಲಿ ಕಚೇರಿ ಎಂಬ ಬಾಳು ನಮ್ಮಲ್ಲಿ ಹಲವರಿಗೆ ಪರಿಚಿತ. ಎರಡು ನಗರಗಳ ನಡುವೆ ರಾಷ್ಟ್ರೀಯ ಹೆದ್ದಾರಿ 16ರಲ್ಲಿ ಸುಮಾರು 350 ಕಿಲೋಮೀಟರ್. ಅನಕಾಪಲ್ಲಿ, ತುನಿ, ಅನ್ನವರಂ, ರಾಜಮಹೇಂದ್ರವರಂ, ಏಲೂರು ದಾಟಿ ಹೋಗಬೇಕು. ನವೆಂಬರ್ 1 ಬಂತೆಂದರೆ ಕನ್ನಡ ರಾಜ್ಯೋತ್ಸವದ ವೇಷಭೂಷಣ, ತಬಲಾ, ಹಾರ್ಮೋನಿಯಂ, ಅಜ್ಜಿಯ ಔಷಧದ ಪೆಟ್ಟಿಗೆ, ಮಕ್ಕಳ ಹೊದಿಕೆ ಎಲ್ಲವೂ ಅದೇ ನಾಲ್ಕು ಮೀಟರಿನೊಳಗೆ ಸೇರಬೇಕು.

ಲೆಕ್ಕ ಏನು ಹೇಳುತ್ತದೆ

ನಿಂತ ಕಾರಿನಲ್ಲಿ ಒಂದು ಕಿಲೋ ತೂಕ ಒಂದೇ ಕಿಲೋ. ಓಡುವ ಕಾರು ಥಟ್ಟನೆ ನಿಂತಾಗ ಅದರ ತೂಕ ಬೇರೆ. ಗಂಟೆಗೆ 50 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಎದುರಿನ ತಡೆಗೆ ಬಡಿದ ಕಾರಿನ ಮುಂಭಾಗ ಕುಸಿಯುತ್ತ ಒಟ್ಟು 60 ಸೆಂಟಿಮೀಟರಿನಲ್ಲಿ ನಿಂತಿತೆಂದು ಇಟ್ಟುಕೊಳ್ಳೋಣ. ಆಗ ಒಳಗಿನ ಪ್ರತಿಯೊಂದು ವಸ್ತುವನ್ನು ಹಿಡಿದು ನಿಲ್ಲಿಸಲು ಅದರ ತೂಕದ ಸರಾಸರಿ 16 ಪಟ್ಟು ಬಲ ಬೇಕಾಗುತ್ತದೆ. ಒಂದು ಲೀಟರ್ ನೀರಿನ ಬಾಟಲಿಯನ್ನು 16 ಕಿಲೋ ಭಾರದಂತೆಯೂ, 5 ಕಿಲೋದ ಚೀಲವನ್ನು 80 ಕಿಲೋದಂತೆಯೂ ಹಿಡಿಯಬೇಕು. ಆಘಾತದ ಗರಿಷ್ಠ ಕ್ಷಣದಲ್ಲಿ ಇದಕ್ಕಿಂತಲೂ ಹೆಚ್ಚು.

ಹಿಡಿಯಲು ಆಗದಿದ್ದರೆ ಆ ವಸ್ತು ತನ್ನ ಹಳೆಯ ವೇಗದಲ್ಲಿಯೇ ಮುಂದೆ ಹಾರುತ್ತದೆ. 50 ಕಿಲೋಮೀಟರ್ ವೇಗದಲ್ಲಿ ಬಂದು ತಾಗುವ ವಸ್ತುವಿನ ಪೆಟ್ಟು, ಅದೇ ವಸ್ತು ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಮೂರು ಮಹಡಿಯ ಮೇಲಿನಿಂದ ಬಿದ್ದ ಪೆಟ್ಟಿಗೆ ಸಮ. ವೇಗ 100 ಕಿಲೋಮೀಟರ್ ಆದರೆ ಎತ್ತರ ಎರಡು ಪಟ್ಟಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ. ಸುಮಾರು 40 ಮೀಟರ್. ಸ್ಟೀಲಿನ ಟಿಫಿನ್ ಕ್ಯಾರಿಯರ್ ಅಷ್ಟು ಎತ್ತರದಿಂದ ಮುಂದಿನ ಆಸನದವರ ಕತ್ತಿನ ಮೇಲೆ ಬೀಳುವುದನ್ನು ಊಹಿಸಿಕೊಂಡರೆ ಸಾಕು, ಮೇಲಿನ ಬಲೆಯಲ್ಲಿ ಏನಿಡಬಾರದು ಎಂಬುದು ಯಾರೂ ಹೇಳದೆಯೇ ತಿಳಿಯುತ್ತದೆ.

ಇನ್ನೊಂದು ಸೂಕ್ಷ್ಮವೂ ಇದೆ. ಬಲೆಯನ್ನು ನಾಲ್ಕು ಮೂಲೆಗೆ ಕಟ್ಟಿದ್ದೇವೆ, ಆದುದರಿಂದ ಭಾರ ನಾಲ್ಕು ಪಾಲಾಗುತ್ತದೆ ಎಂದು ನಾವು ಭಾವಿಸುತ್ತೇವೆ. ಕಾರು ನಿಂತಿರುವಾಗ ಅದು ನಿಜ. ಹೊರೆ ಮುಂದಕ್ಕೆ ನುಗ್ಗುವಾಗ ಅದನ್ನು ಹಿಂದಕ್ಕೆಳೆದು ಹಿಡಿಯಬೇಕಾದವು ಹಿಂದಿನ ಎರಡು ಆಧಾರಗಳು ಮಾತ್ರ. ಬಲೆಯಲ್ಲಿ 2 ಕಿಲೋ ಇದ್ದರೂ 16 ಪಟ್ಟಿನ ಲೆಕ್ಕದಲ್ಲಿ 32 ಕಿಲೋ ಆಗಿ, ಹಿಂದಿನ ಒಂದೊಂದು ಆಧಾರಕ್ಕೂ 16 ಕಿಲೋದ ಜಗ್ಗಾಟ ಬೀಳುತ್ತದೆ. ಅಂಗಿ ತೂಗುಹಾಕುವ ಪ್ಲಾಸ್ಟಿಕ್ ಕೊಕ್ಕೆ ಇದಕ್ಕಾಗಿ ಮಾಡಿದ್ದಲ್ಲ.

ಚಾವಣಿಯೊಳಗೆ ಏನಿದೆ

ಕಾರಿನ ಚಾವಣಿ ಮೇಲಿನಿಂದ ಒಂದೇ ಹಾಳೆಯಾಗಿ ಕಂಡರೂ ಒಳಗೆ ಅದು ಮನೆಯ ಮಾಡಿನಂತೆಯೇ ಇದೆ. ಹೊರಗಿನ ಉಕ್ಕಿನ ತಗಡು ಒಂದು ಮಿಲಿಮೀಟರಿಗಿಂತ ತೆಳು, ಇದು ಹಂಚು. ಅದರ ಕೆಳಗೆ ಅಡ್ಡಲಾಗಿ ಕೆಲವು ಉಕ್ಕಿನ ಪಟ್ಟಿಗಳಿವೆ, ಇವು ರೀಪು. ಎಡಬಲಗಳಲ್ಲಿ ಬಾಗಿಲುಗಳ ಮೇಲೆ ಮುಂದಿನಿಂದ ಹಿಂದಕ್ಕೆ ಸಾಗುವ ಪೆಟ್ಟಿಗೆಯಾಕಾರದ ಗಟ್ಟಿ ಉಕ್ಕಿನ ಅಂಚುಗಳೇ ತೊಲೆಗಳು. ಇವೆಲ್ಲವನ್ನೂ ಮುಚ್ಚಿಕೊಂಡು ನಮಗೆ ಕಾಣುವುದು ಬಟ್ಟೆ ಅಂಟಿಸಿದ ಒಳಹೊದಿಕೆ. ಅದಕ್ಕೆ ತನ್ನ ತೂಕವನ್ನು ಹೊರುವುದಷ್ಟೇ ಕೆಲಸ. ಆದುದರಿಂದ ಒಳಹೊದಿಕೆಗೆ ಚುಚ್ಚಿದ ಅಥವಾ ಅಂಟಿಸಿದ ಯಾವ ಕೊಕ್ಕೆಯೂ ಆಧಾರವೆನಿಸದು.

ಹಾಗಾದರೆ ತೊಲೆಗೇ ರಂಧ್ರ ಕೊರೆಯಬಹುದಲ್ಲ ಎಂದು ಕೇಳುವವರಿದ್ದಾರೆ. ಇಲ್ಲಿಯೇ ನಿಜವಾದ ಅಪಾಯವಿದೆ. ಬಾಗಿಲಿನ ಮೇಲಿನ ಆ ಅಂಚಿನಲ್ಲಿ, ಒಳಹೊದಿಕೆಯ ಹಿಂದೆ, ಪರದೆಯಂತಹ ಏರ್‌ಬ್ಯಾಗ್ ಮಡಿಸಿಟ್ಟಿರುತ್ತದೆ. ಪಕ್ಕದಿಂದ ವಾಹನ ಬಂದು ಬಡಿದಾಗ ಅದು ಹೊದಿಕೆಯ ಅಂಚನ್ನು ಸರಿಸಿ, ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಕೆಳಗಿಳಿದು, ಗಾಜಿಗೂ ತಲೆಗೂ ನಡುವೆ ನಿಲ್ಲುತ್ತದೆ. 1998ರಲ್ಲಿ ವೋಲ್ವೋ ಕಾರಿನಲ್ಲಿ ಕಾಣಿಸಿಕೊಂಡ ಈ ವ್ಯವಸ್ಥೆ ನಮ್ಮಲ್ಲಿ ಬಹುಕಾಲ ದುಬಾರಿ ಕಾರುಗಳಿಗೆ ಮಾತ್ರ ಮೀಸಲಾಗಿತ್ತು. ಆರು ಏರ್‌ಬ್ಯಾಗುಗಳನ್ನು ಕಡ್ಡಾಯಗೊಳಿಸುವ ಕರಡು ಅಧಿಸೂಚನೆಯನ್ನು ಕೇಂದ್ರ ಸರ್ಕಾರ 2022ರ ಜನವರಿಯಲ್ಲಿ ಹೊರಡಿಸಿತು. ಕಡ್ಡಾಯ ಮಾಡುವುದಿಲ್ಲವೆಂದು 2023ರಲ್ಲಿ ಸಚಿವ ನಿತಿನ್ ಗಡ್ಕರಿಯವರು ತಿಳಿಸಿದರೂ, ಅಷ್ಟರಲ್ಲಿ ಗಾಳಿ ಬದಲಾಗಿತ್ತು. 2023ರ ಅಕ್ಟೋಬರ್ 1ರಂದು ಭಾರತ್ ಎನ್‌ಕ್ಯಾಪ್ ಸುರಕ್ಷತಾ ಪರೀಕ್ಷೆ ಜಾರಿಗೆ ಬಂತು. ಅದೇ ತಿಂಗಳಲ್ಲಿ ಹ್ಯುಂಡೈ ತನ್ನ ಎಲ್ಲ ಮಾದರಿಗಳಲ್ಲಿಯೂ ಆರು ಏರ್‌ಬ್ಯಾಗುಗಳನ್ನು ಕೊಡುವುದಾಗಿ ಪ್ರಕಟಿಸಿತು. ಇಂದು ಚಿಕ್ಕ ಎಸ್‌ಯುವಿ ಕೊಳ್ಳುವವರ ಕಾರಿನಲ್ಲಿ ಈ ಪರದೆ ಇರುವ ಸಂಭವವೇ ಹೆಚ್ಚು. ಬಾಗಿಲ ಪಕ್ಕದ ಕಂಬದ ಹೊದಿಕೆಯ ಮೇಲೆ ಏರ್‌ಬ್ಯಾಗ್ ಎಂಬ ಅಚ್ಚು ಇದೆಯೇ ಎಂದು ನೋಡಿದರೆ ತಿಳಿಯುತ್ತದೆ.

ಆ ಪರದೆ ಇಳಿಯುವ ದಾರಿಯಲ್ಲಿ ಕೊಕ್ಕೆ, ಪಟ್ಟಿ ಅಥವಾ ಸರಳು ಇದ್ದರೆ ಪರದೆ ಅರ್ಧದಲ್ಲಿ ಸಿಕ್ಕಿಬೀಳಬಹುದು, ಇಲ್ಲವೇ ಆ ಗಟ್ಟಿ ವಸ್ತುವನ್ನೇ ಮಗುವಿನ ಮುಖದತ್ತ ಎಸೆಯಬಹುದು. ಕಾರಿನ ಕೈಪಿಡಿಗಳು ಅಂಗಿಯ ಕೊಕ್ಕೆಗೆ ಹ್ಯಾಂಗರನ್ನೂ ಗಟ್ಟಿ ವಸ್ತುವನ್ನೂ ತೂಗಬೇಡಿರೆಂದು ಎಚ್ಚರಿಸುವುದು ಇದಕ್ಕಾಗಿಯೇ. ಡ್ರಿಲ್ಲಿನ ಮೊನೆಗಂತೂ ಪರದೆಯೂ ಗೊತ್ತಿಲ್ಲ, ದೀಪದ ತಂತಿಯೂ ಗೊತ್ತಿಲ್ಲ, ಹಿಂದಿನ ಗಾಜಿಗೆ ನೀರೊಯ್ಯುವ ಕೊಳವೆಯೂ ಗೊತ್ತಿಲ್ಲ. ಆದುದರಿಂದ ನಮ್ಮ ಸ್ಪಷ್ಟ ಅಭಿಪ್ರಾಯವಿದು: ಒಳಚಾವಣಿಯಲ್ಲಿ ಹೊಸ ರಂಧ್ರ ಬೇಡ, ಕಾರ್ಖಾನೆ ಕೊಟ್ಟ ಆಧಾರಗಳನ್ನೇ ಹುಡುಕಿ ಬಳಸೋಣ.

ಯಾವ ಆಧಾರ ಯಾವುದಕ್ಕೆ

ಚಿಕ್ಕ ಎಸ್‌ಯುವಿಯಲ್ಲಿ ಕಾರ್ಖಾನೆಯೇ ಕೊಟ್ಟ ಆಧಾರಗಳು ಕೆಲವಿವೆ. ಅವುಗಳ ಯೋಗ್ಯತೆ ಒಂದೇ ಅಲ್ಲ.

ಮೊದಲನೆಯದು ಹಿಂದಿನ ಬಾಗಿಲುಗಳ ಮೇಲಿನ ಹಿಡಿಕೆ. ಇದು ತೊಲೆಗೇ ಬಿಗಿದದ್ದು. ಮನುಷ್ಯನ ಕೈಯ ಎಳೆತವನ್ನು ತಾಳಲೆಂದೇ ಮಾಡಿದ್ದು. ಪರದೆಯ ಏರ್‌ಬ್ಯಾಗ್ ಇಲ್ಲದ ಹಳೆಯ ಕಾರುಗಳಲ್ಲಿ ಹಗುರವಾದ ಬಲೆಗೆ ಇದು ತಕ್ಕ ಆಧಾರ. ಪರದೆ ಇರುವ ಕಾರಿನಲ್ಲಿ ಇದನ್ನು ಬಿಡುವುದೇ ಕ್ಷೇಮ.

ಎರಡನೆಯದು ಹಿಂದಿನ ಆಸನದ ತಲೆದಿಂಬನ್ನು ಹಿಡಿದಿರುವ ಉಕ್ಕಿನ ಕಡ್ಡಿಗಳು. ಆಸನದ ಚೌಕಟ್ಟಿಗೆ ಸೇರಿದ ಇವು ಗಟ್ಟಿ, ಏರ್‌ಬ್ಯಾಗಿನ ದಾರಿಯಿಂದಲೂ ದೂರ. ನಾವು ಮೊದಲು ಸೂಚಿಸುವುದು ಇವುಗಳನ್ನೇ.

ಮೂರನೆಯದು ಡಿಕ್ಕಿಯ ನೆಲದಲ್ಲಿರುವ ಕೊಂಡಿಗಳು. ಸಾಮಾನು ಬಿಗಿಯಲೆಂದೇ ಕೊಟ್ಟವು ಇವು. ಭಾರವಾದದ್ದನ್ನೆಲ್ಲ ಇಲ್ಲಿಗೆ ಕಟ್ಟಬೇಕು.

ನಾಲ್ಕನೆಯದು ಅಂಗಿಯ ಕೊಕ್ಕೆ ಮತ್ತು ಡಿಕ್ಕಿಯ ಮುಚ್ಚಳವನ್ನು ಹಿಡಿದಿರುವ ಪ್ಲಾಸ್ಟಿಕ್ ಗುಬುಟುಗಳು. ಇವು ಯಾವ ಹೊರೆಗೂ ಅಲ್ಲ.

ಮುಟ್ಟಲೇಬಾರದ ಎರಡು ಇವೆ. ಒಂದು, ಮಗುವಿನ ಆಸನವನ್ನು ಬಿಗಿಯುವ ಕೊಂಡಿಗಳು. ಇನ್ನೊಂದು, ಸೀಟ್ ಬೆಲ್ಟಿನ ಮೇಲ್ತುದಿಯ ಬೋಲ್ಟು. ಇವೆರಡೂ ಜೀವ ಉಳಿಸಲು ಇರುವವು. ಸಾಮಾನಿನ ಪಟ್ಟಿ ಅಲ್ಲಿ ಸುತ್ತಿಕೊಂಡರೆ ಬೆಲ್ಟು ಬೇಕಾದ ಹೊತ್ತಿಗೆ ಓಡದು.

ಯೂರೋಪಿನ ಕೆಲವು ಎಸ್ಟೇಟ್ ಕಾರುಗಳಲ್ಲಿ ಹಿಂದಿನ ಆಸನದ ಮೇಲೆ, ಚಾವಣಿಯ ಎರಡೂ ಬದಿಗೆ, ತಡೆಬಲೆಯ ಸರಳನ್ನು ಸಿಕ್ಕಿಸುವ ಗುಳಿಗಳನ್ನು ಕಾರ್ಖಾನೆಯಲ್ಲಿಯೇ ಮಾಡಿರುತ್ತಾರೆ. ತಮ್ಮ ಕಾರಿನಲ್ಲಿ ಅಂತಹ ಏರ್ಪಾಟು ಇದೆಯೇ ಎಂಬುದನ್ನು ಕೈಪಿಡಿಯಲ್ಲಿ ನೋಡಿ, ಇದ್ದರೆ ಕಂಪನಿಯದೇ ಬಲೆಯನ್ನು ತರಿಸಿಕೊಳ್ಳುವುದು ಲೇಸು.

ಬಲೆಯನ್ನು ಕಟ್ಟುವ ಕ್ರಮ

ಪರದೆಯ ಏರ್‌ಬ್ಯಾಗ್ ಇರುವ ಕಾರಿಗೆ ಜೋಳಿಗೆಯ ಕ್ರಮ ಒಳ್ಳೆಯದು. ಮೂರು ಗೇಣು ಅಗಲದ ಗಟ್ಟಿ ಬಲೆಯ ಚೀಲವೊಂದನ್ನು ಹೊಲಿಸಿ, ಅದರ ಮೇಲಂಚಿನ ನೈಲಾನ್ ಪಟ್ಟಿಗಳನ್ನು ಹಿಂದಿನ ತಲೆದಿಂಬುಗಳ ಕಡ್ಡಿಗಳಿಗೆ ಸುತ್ತಿ ಬಿಗಿಯಬೇಕು. ಕೆಳಂಚನ್ನು ಡಿಕ್ಕಿಯ ನೆಲದ ಕೊಂಡಿಗಳಿಗೆ ಎಳೆದು ಕಟ್ಟಬೇಕು. ಚೀಲ ಆಸನದ ಬೆನ್ನಿಗೆ ಒರಗಿ, ಡಿಕ್ಕಿಯ ಸಾಮಾನಿನ ಮೇಲೆ ನಿಲ್ಲುತ್ತದೆ. ಚಾವಣಿಯ ಕೆಳಗೆ ವ್ಯರ್ಥವಾಗುತ್ತಿದ್ದ ಜಾಗ ದೊರೆಯದಿದ್ದರೂ, ಡಿಕ್ಕಿಯ ಮೇಲಿನ ಅರ್ಧ ನಮ್ಮದಾಗುತ್ತದೆ. ಆಸನದ ಬೆನ್ನಿಗಿಂತ ಎತ್ತರಕ್ಕೆ ತುಂಬದಿದ್ದರೆ ಹಿಂದಿನ ಗಾಜಿನ ನೋಟವೂ ಉಳಿಯುತ್ತದೆ, ಮುಂದಕ್ಕೆ ನುಗ್ಗುವ ಹೊರೆಯನ್ನು ಆಸನವೇ ತಡೆಯುತ್ತದೆ. ವಿಶ್ವಸಂಸ್ಥೆಯ 17ನೆಯ ವಾಹನ ನಿಯಮದಲ್ಲಿ ಹಿಂದಿನ ಆಸನದ ಬೆನ್ನನ್ನು ಪರೀಕ್ಷಿಸುವುದು, ಅದರ ಹಿಂದೆ ತಲಾ 18 ಕಿಲೋದ ಎರಡು ಪೆಟ್ಟಿಗೆಗಳನ್ನಿಟ್ಟು ಡಿಕ್ಕಿಯ ಆಘಾತವನ್ನು ಅನುಕರಿಸಿಯೇ. ಭಾರಕ್ಕೆ ಕಾರಿನಲ್ಲಿ ಯೋಗ್ಯ ಸ್ಥಳ ಆಸನದ ಬೆನ್ನಿಗೆ ತಾಗಿದ ನೆಲವೇ ಎಂಬುದು ಇದರಿಂದ ತಿಳಿಯುತ್ತದೆ.

ಪರದೆ ಇಲ್ಲದ ಕಾರಿನಲ್ಲಿ ಹಿಡಿಕೆಗಳ ನಡುವೆ ಬಲೆ ಕಟ್ಟುವುದಾದರೆ ಎರಡು ಪಟ್ಟಿಗಳು ಬೇಕು. ಎಡಬಲದ ಹಿಡಿಕೆಗಳ ಮುಂತುದಿಯಿಂದ ಮುಂತುದಿಗೆ ಒಂದು, ಹಿಂತುದಿಯಿಂದ ಹಿಂತುದಿಗೆ ಒಂದು. ಅವುಗಳ ನಡುವೆ ಬಲೆ. ಅಗಲ ಒಂದು ಗೇಣಿನಷ್ಟೇ ಆದರೂ ಛತ್ರಿ, ಸುತ್ತಿದ ಚಾಪೆ, ಶಾಲುಗಳು ಅಡ್ಡಲಾಗಿ ಒಪ್ಪವಾಗಿ ಕೂರುತ್ತವೆ. ಪಟ್ಟಿ ನೇಯ್ದ ನೈಲಾನಿನದಾಗಿರಲಿ, ಬಿಗಿಯಲು ಬಕಲ್ ಇರಲಿ. ರಬ್ಬರಿನ ಹಗ್ಗಕ್ಕೆ ತಂತಿಯ ಕೊಕ್ಕೆ ಇರುವವು ಬೇಡ. ಅವು ಜಾರಿ ಚಿಮ್ಮಿದರೆ ಕಣ್ಣಿಗೇ ಅಪಾಯ. ಬಲೆಯ ಬಾಯಿಯನ್ನು ಮೇಲಿನಿಂದಲೂ ಮುಚ್ಚುವಂತಿರಬೇಕು. ತುಂಬಿದ ಬಲೆ ನಾಲ್ಕು ಬೆರಳಿಗಿಂತ ಹೆಚ್ಚು ಜೋಲಬಾರದು. ಕೆಳಗೆ ಕುಳಿತ ಎತ್ತರದ ವ್ಯಕ್ತಿಯ ತಲೆಗೂ ಬಲೆಗೂ ನಡುವೆ ಒಂದು ಮುಷ್ಟಿಯಾದರೂ ಹಿಡಿಸಬೇಕು.

ಏನಿಡಬಹುದು? ತಲೆಯ ಮೇಲೆ ಬಿದ್ದರೂ ನೋವಾಗದ್ದು ಮಾತ್ರ ಎಂಬುದು ನಾವು ಪಾಲಿಸುವ ಸೂತ್ರ. ಒಟ್ಟು 2 ಕಿಲೋ ಮೀರದಂತೆ. ಶಾಲು, ಹೊದಿಕೆ, ಪುಟ್ಟ ದಿಂಬು, ಇಸ್ತ್ರಿ ಮಾಡಿದ ವೇಷಭೂಷಣ, ಮಡಿಸಿದ ಬ್ಯಾನರು ಮೇಲೆ ಹೋಗಲಿ. ನೀರಿನ ಬಾಟಲಿ, ಟಿಫಿನ್, ತೆಂಗಿನಕಾಯಿ, ಲ್ಯಾಪ್‌ಟಾಪ್, ಕ್ಯಾಮೆರಾ, ದೀಪದ ಕಂಬ, ತಾಳ ಮುಂತಾದವು ಕೆಳಗೇ ಇರಲಿ. ಛತ್ರಿಯ ಚೂಪು ತುದಿಗೆ ಬಟ್ಟೆ ಸುತ್ತಿರಲಿ. ಹೊರಡುವ ಮುನ್ನ ಪಟ್ಟಿಗಳನ್ನು ಕೈಯಿಂದ ಬಲವಾಗಿ ಮುಂದಕ್ಕೆ ಜಗ್ಗಿ ನೋಡಬೇಕು. ನಿರ್ಜನವಾದ ಜಾಗದಲ್ಲಿ ನಿಧಾನವಾಗಿ ಓಡಿಸಿ ಬ್ರೇಕ್ ಒತ್ತಿ, ಬಲೆ ಎಷ್ಟು ತೂಗುತ್ತದೆ ಎಂದು ಗಮನಿಸಬೇಕು. ಅರಕು ಕಣಿವೆಗೆ ಏರುವ ಘಟ್ಟದ ತಿರುವುಗಳಲ್ಲಿ ಮುಂದಕ್ಕಿಂತ ಪಕ್ಕಕ್ಕೆ ತೂಗುವುದೇ ಹೆಚ್ಚು. ಅಲ್ಲಿ ಸಡಿಲ ಬಲೆ ಮಕ್ಕಳ ಮುಖಕ್ಕೆ ಬಡಿಯುತ್ತದೆ.

ಸೆಕೆ ಮತ್ತು ಉಪ್ಪುಗಾಳಿ

ನಮ್ಮ ಎರಡು ನಗರಗಳಿಗೆ ಎರಡು ಬಗೆಯ ಪೀಡೆ. ವಿಜಯವಾಡದಲ್ಲಿ ಮೇ ತಿಂಗಳ ಬಿಸಿಲು 45 ಡಿಗ್ರಿಯನ್ನು ಮುಟ್ಟುವುದುಂಟು. ಮುಚ್ಚಿ ನಿಲ್ಲಿಸಿದ ಕಾರಿನೊಳಗೆ, ಅದರಲ್ಲಿಯೂ ಚಾವಣಿಯ ಬಳಿ, ಅದಕ್ಕಿಂತ ಬಹಳ ಹೆಚ್ಚು. ಅಂಟಿನ ಕೊಕ್ಕೆಗಳು ಆ ಶಾಖಕ್ಕೆ ಮೆದುವಾಗಿ ಕಳಚುತ್ತವೆ. ಕಳಚುವಾಗ ಒಳಹೊದಿಕೆಯ ಬಟ್ಟೆಯನ್ನೂ ಕಿತ್ತು ತರುತ್ತವೆ. ಪವರ್ ಬ್ಯಾಂಕ್, ಸುಗಂಧದ ಸ್ಪ್ರೇ ಡಬ್ಬಿ, ಲೈಟರು, ಸ್ಯಾನಿಟೈಸರ್ ಬಾಟಲಿಗಳನ್ನು ಅಲ್ಲಿ ಮರೆತು ಇಳಿಯುವುದಂತೂ ಬೆಂಕಿಯೊಡನೆ ಸರಸ.

ವಿಶಾಖಪಟ್ಟಣದಲ್ಲಿ ಕಡಲಿನ ಉಪ್ಪುಗಾಳಿ. ಬಣ್ಣ ಹೋದ ಉಕ್ಕಿನ ಅಂಚು ಎಲ್ಲಿ ಸಿಕ್ಕರೂ ತುಕ್ಕು ಅಲ್ಲಿಂದ ಆರಂಭ. ಕೊರೆದ ರಂಧ್ರದ ಒಳಮೈಗೆ ಕಾರ್ಖಾನೆಯ ರಕ್ಷಣೆಯ ಲೇಪವಿರುವುದಿಲ್ಲ. ಹೊದಿಕೆಯ ಹಿಂದೆ ತುಕ್ಕು ಹಬ್ಬುವುದು ಕಣ್ಣಿಗೂ ಬೀಳದು. ಕೊಂಡಿ ಬೇಕೇ ಆದರೆ ಸ್ಟೇನ್‌ಲೆಸ್ ಸ್ಟೀಲಿನದು ಅಥವಾ ಗಟ್ಟಿ ನೈಲಾನಿನದು ಇರಲಿ. ಬಿಸಿಲಿಗೆ ನೈಲಾನ್ ಪಟ್ಟಿಯೂ ಕಾಲಕ್ರಮೇಣ ಬಲ ಕಳೆದುಕೊಳ್ಳುತ್ತದೆ; ಅಂಚು ಹಿಂಜಿದ್ದು ಕಂಡರೆ ಬದಲಿಸಬೇಕು.

ಕಾನೂನಿನ ಮಾತು

1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ವಾಹನದ ಮಾರ್ಪಾಟಿಗೆ ಸಂಬಂಧಿಸಿದ್ದು. ತಯಾರಕರು ಕೊಟ್ಟ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ, ಕೇರಳದ ಪ್ರಕರಣವೊಂದರಲ್ಲಿ, ತೀರ್ಪಿತ್ತಿದೆ. ಬಿಚ್ಚಿ ಮಡಿಸಿಡುವ ಬಲೆ ಕಾರಿನ ರಚನೆಯನ್ನು ಬದಲಿಸುವುದಿಲ್ಲ; ಚಾವಣಿಯ ಉಕ್ಕನ್ನು ಕೊರೆದು ಸರಳು ಕೂರಿಸುವುದು ಬೇರೆಯ ಮಾತು. ವಾರಂಟಿಯ ಮಾತಿನಲ್ಲಿಯೂ ವಿಮೆಯ ಮಾತಿನಲ್ಲಿಯೂ ಪ್ರಶ್ನೆಗಳೇಳುವುದು ಕೊರೆದ ಜಾಗದಲ್ಲಿಯೇ.

ಚಾವಣಿಯ ಹೊರಗೆ ಕಟ್ಟಬಹುದಲ್ಲ ಎನ್ನುವವರು ಕೈಪಿಡಿಯನ್ನು ತೆರೆಯಬೇಕು. ಅನೇಕ ಚಿಕ್ಕ ಎಸ್‌ಯುವಿಗಳ ಮೇಲಿನ ಬೆಳ್ಳಿ ಬಣ್ಣದ ಸರಳುಗಳು ಅಲಂಕಾರಕ್ಕೆ ಮಾತ್ರ, ಹೊರೆಗಲ್ಲ. ಹೊರೆ ಹೊರುವ ಸರಳಾದರೆ ಎಷ್ಟು ಕಿಲೋ ಎಂಬುದು ಅಲ್ಲಿ ನಮೂದಾಗಿರುತ್ತದೆ.

ಬ್ಯಾಂಕಿನಲ್ಲಿ ಸಾಲ ಕೊಡುವಾಗ ಜಾಮೀನು ಎಷ್ಟು ತಾಳುತ್ತದೆ ಎಂದು ಕೇಳುತ್ತೇವೆಯೇ ಹೊರತು ಎಷ್ಟು ಚೆಂದವಾಗಿದೆ ಎಂದಲ್ಲ. ಕಾರಿನೊಳಗಿನ ಕೊಕ್ಕೆಗೂ ಅದೇ ಪ್ರಶ್ನೆಯನ್ನು ಕೇಳಬೇಕು. ಹಿಂದಿನ ಆಸನದವರೂ ಬೆಲ್ಟು ಧರಿಸಬೇಕೆಂಬುದು ಕಾನೂನು. ಎಲ್ಲರೂ ಬೆಲ್ಟು ಧರಿಸಿ, ಸಾಮಾನು ಮಾತ್ರ ಬೆಲ್ಟಿಲ್ಲದೆ ತಲೆಯ ಮೇಲೆ ಕುಳಿತಿದ್ದರೆ ಆ ಎಚ್ಚರಿಕೆ ಅರ್ಧದಷ್ಟೇ. ರಾಜ್ಯೋತ್ಸವಕ್ಕೋ ದೀಪಾವಳಿಗೋ ಹೊರಡುವವರು ಹಿಂದಿನ ಸಂಜೆ ಒಂದು ಗಂಟೆ ಮೀಸಲಿಡಲಿ. ಭಾರವಾದದ್ದು ಕೆಳಗೆ, ಮೆತ್ತಗಿನದು ಮೇಲೆ, ಎರಡಕ್ಕೂ ಹಿಡಿಸದ್ದನ್ನು ಮುಂಚಿತವಾಗಿ ರೈಲು ಪಾರ್ಸೆಲಿನಲ್ಲಿ ಎಂದು ಮೂರು ಪಾಲು ಮಾಡಲಿ. ಕೂಟದ ಹಾರ್ಮೋನಿಯಂ, ತಬಲಾ, ದೀಪದ ಕಂಬಗಳನ್ನು ಮೂರನೆಯ ಪಾಲಿಗೆ ಸೇರಿಸಿದರೆ ಐದು ಮಂದಿಗೆ ನಾಲ್ಕು ಮೀಟರು ಸಾಕಾದೀತು.